ಮೋರಿ ಬದಿಯ ಕಾಮಿನಿ

ಮದ್ದೂರಿನ ನಂದನವನ ಬಡಾವಣೆಯಲ್ಲಿ ನಂದನವನ ಎನ್ನುವ ಮಾತಿಗೆ ಸಾಕ್ಷಿಯಾಗಿ ಇದ್ದದ್ದು ಹೆಬ್ಬಾಗಿಲಿನ ಕಮಾನು ಒಂದೇ. ಅದರ ಮೇಲೆ ಸಿಮೆಂಟಿನ ಎರಡು ನವಿಲುಗಳಿದ್ದವು. ಒಂದರ ತಲೆ ಬಿದ್ದುಹೋಗಿತ್ತು. ಕಮಾನು ದಾಟಿ ಒಳಗೆ ಬಂದರೆ ಎಡಗಡೆಗೆ ಮೋರಿ. ಬಡಾವಣೆ ಮಾಡಿ ಸೈಟು ಮಾರಿದ ಪುಣ್ಯಾತ್ಮ ಮೋರಿಯನ್ನೇನೋ ತೋಡಿಸಿದ್ದ. ಅದು ಎಲ್ಲಿಗೆ ಹೋಗಿ ಸೇರಬೇಕು ಎನ್ನುವುದನ್ನು ಮಾತ್ರ ತೀರ್ಮಾನಿಸದೆ ಊರು ಬಿಟ್ಟಿದ್ದ. ಹಾಗಾಗಿ ಐವತ್ತೆರಡು ಮನೆಗಳ ಬಚ್ಚಲ ನೀರು ಇನ್ನೂರು ಅಡಿ ಹರಿದು, ಮುಂದೆ ದಾರಿ ಕಾಣದೆ, ಅಲ್ಲೇ ನಿಂತು ಯೋಚನೆ ಮಾಡುತ್ತಿತ್ತು.

ಬಡಾವಣೆಯ ನಿವೃತ್ತ ನೌಕರರ ಸಂಘವೂ ಐದು ವರ್ಷದಿಂದ ಯೋಚನೆ ಮಾಡುತ್ತಿತ್ತು. ಸಂಘದ ಅಧ್ಯಕ್ಷರು ಚನ್ನಂಕೇಗೌಡರು. ಕರೆಂಟಿನ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು; ಕೆಲಸ ಬಿಟ್ಟರೂ ಮೈಕು ಬಿಟ್ಟಿರಲಿಲ್ಲ. ಒಂದು ಭಾನುವಾರದ ಸಭೆಯಲ್ಲಿ ಯಾರೋ ಒಬ್ಬರು ಎದ್ದು, ಮಂಡ್ಯದಿಂದ ಕೊಳಚೆ ಎಳೆಯುವ ಯಂತ್ರ ತರಿಸಿದರೆ ಒಂದೇ ದಿನದಲ್ಲಿ ಮೋರಿ ಚೊಕ್ಕಟವಾಗುತ್ತದೆ ಎಂದರು.

"ಆಯ್ತದೆ," ಅಂದರು ಗೌಡರು. "ಒಂದಿನದಲ್ಲೇ ಆಯ್ತದೆ. ಆಮೇಲೆ? ಪೋಟೋ ತೆಗುದ್ರೆ ಏನ್ರೀ ಕಾಣ್ತದೆ ಅದ್ರಲ್ಲಿ? ಕೊಳಚೆ! ಅದ್ನ ಬ್ಯಾನರಿಗೆ ಹಾಕಕ್ಕಾಯ್ತದಾ? ದುರ್ವಾಸನೆಗೆ ಸುವಾಸನೆಯಿಂದ ಉತ್ರ ಕೊಡ್ಬೇಕು. ಮೋರಿ ಉದ್ದಕ್ಕೂ ಪರಿಮಳದ ಗಿಡ ಹಾಕ್ಸಣ."

ಚಪ್ಪಾಳೆ ಬಿತ್ತು. ಯಂತ್ರದ ಮಾತು ಅಲ್ಲಿಗೇ ಮುಗಿಯಿತು.

ಆಗ ಎದ್ದು ನಿಂತವರು ಕೆಂಪಸಿದ್ದಯ್ಯನವರು. ಮಳವಳ್ಳಿಯ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಹೇಳಿದವರು. ತಮ್ಮನ್ನು ಯಾರಾದರೂ ಪ್ರೊಫೆಸರ್ ಎಂದು ಕರೆಯಲಿ ಎಂಬ ಆಸೆ ಅವರಿಗಿತ್ತು. ಆದರೆ ಬಡಾವಣೆಯವರೆಲ್ಲ ಮೇಷ್ಟ್ರೇ ಎನ್ನುತ್ತಿದ್ದರು. ಬಣ್ಣದ ಸೀಮೆಸುಣ್ಣದಲ್ಲಿ ಅವರು ಬರೆಯುತ್ತಿದ್ದ ಬೀಜದ ಚಿತ್ರ ನಿಜವಾದ ಬೀಜಕ್ಕಿಂತ ಚೆನ್ನಾಗಿರುತ್ತಿತ್ತು ಎಂದು ಹಳೆಯ ವಿದ್ಯಾರ್ಥಿಗಳು ಇವತ್ತಿಗೂ ಹೇಳುತ್ತಾರೆ. ನಿಜವಾದ ಬೀಜವನ್ನು ಮಣ್ಣಿಗೆ ಹಾಕಿ ಗಿಡ ಮಾಡುವ ಸಂದರ್ಭ ಮಾತ್ರ ಅವರಿಗೆ ಬಂದಿರಲಿಲ್ಲ.

"ಗಿಡವನ್ನು ನಾನು ಬೆಳೆಸಿಕೊಡುತ್ತೇನೆ," ಎಂದರು ಮೇಷ್ಟ್ರು. "ನರ್ಸರಿಯಿಂದ ತರುವುದು ಬೇಡ. ಕಡ್ಡಿ ನೆಟ್ಟು ಚಿಗುರಿಸುವುದೂ ಬೇಡ, ಅದು ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಬೀಜದಿಂದಲೇ ಬರಬೇಕು. ಕಾಮಿನಿ ಅಂತ ಒಂದು ಗಿಡವಿದೆ. ಆಳೆತ್ತರದ ಪೊದೆ. ಮಳೆ ಬಿದ್ದ ಮರುದಿನ ಮೈತುಂಬ ಬಿಳಿ ಹೂ ಬಿಡುತ್ತದೆ, ನಾಲ್ಕು ಬೀದಿಗೆ ಪರಿಮಳ ಹರಡುತ್ತದೆ."

ಇಷ್ಟು ಹೇಳಿ ಕೂತವರು ಯಾರಾದರೂ ಪ್ರಶ್ನೆ ಕೇಳುತ್ತಾರೋ ಎಂದು ಸುತ್ತ ನೋಡಿದರು. ಅದಕ್ಕೊಂದು ಕಾರಣವಿತ್ತು. ಕೊರೊನಾದ ಎರಡನೇ ಅಲೆಯಲ್ಲಿ ಅವರಿಗೂ ಜ್ವರ ಬಂದು ಹೋಗಿತ್ತು. ಹೋಗುವಾಗ ಅದು ಅವರ ಮೂಗಿನ ಶಕ್ತಿಯನ್ನೂ ಒಯ್ದಿತ್ತು. ಬೇರೆಯವರಿಗೆ ಹದಿನೈದು ದಿನಕ್ಕೋ ತಿಂಗಳಿಗೋ ವಾಸನೆ ತಿರುಗಿ ಬಂತು. ಮೇಷ್ಟ್ರಿಗೆ ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಯಾರಿಗೂ ಹೇಳದೆ ಕಾದರು. ಆರು ತಿಂಗಳು ಹೇಳದೇ ಇದ್ದದ್ದನ್ನು ಏಳನೆಯ ತಿಂಗಳಲ್ಲಿ ಹೇಳುವುದು ಹೇಗೆ? "ಹೂವನ್ನು ಕಣ್ಣಿನಿಂದ ಗುರುತಿಸುವವನು ಗಿರಾಕಿ, ಮೂಗಿನಿಂದ ಗುರುತಿಸುವವನು ಸಸ್ಯಶಾಸ್ತ್ರಿ" ಎಂದು ಪ್ರತಿ ವರ್ಷ ಮೊದಲ ದಿನದ ಪಾಠದಲ್ಲಿ ಸಾರುತ್ತಿದ್ದ ಮನುಷ್ಯ ಅವರು.

ಹೆಂಡತಿ ದೇವಿರಮ್ಮನವರಿಗೂ ಅವರು ಹೇಳಲಿಲ್ಲ. ತಟ್ಟೆಗೆ ಏನು ಬಡಿಸಿದರೂ "ಘಮ್ ಅಂತಿದೆ" ಎಂದುಬಿಡುತ್ತಿದ್ದರು. ಒಂದು ದಿನ ದೇವಿರಮ್ಮ ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹೋಗಿ ಬರುವಷ್ಟರಲ್ಲಿ ಹಾಲು ಸೀದು ಪಾತ್ರೆ ಕರ್ರಗಾಗಿತ್ತು. ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ನೋಡುತ್ತಿದ್ದರು.

"ಓದುವುದರಲ್ಲಿ ಮುಳುಗಿಬಿಟ್ಟಿದ್ದೆ ಕಣೇ," ಎಂದರು.

ಹಾಗೆ ಮುಳುಗಿಸುವಂಥದ್ದು ಅದರಲ್ಲಿ ಏನಿದೆ ಎಂದು ದೇವಿರಮ್ಮ ಪೇಪರನ್ನು ತಿರುಗಿಸಿ ನೋಡಿದರು. ರಾಶಿ ಭವಿಷ್ಯವಿತ್ತು. ಪೇಪರನ್ನು ಅವರ ತೊಡೆಯ ಮೇಲಿಟ್ಟು ಪಾತ್ರೆ ಉಜ್ಜಲು ಹೋದರು.

ಬೀಜ ಹುಡುಕಿಕೊಂಡು ಮೇಷ್ಟ್ರು ಸ್ಕೂಟರಿನಲ್ಲಿ ವೈದ್ಯನಾಥಪುರಕ್ಕೆ ಹೋದರು. ದೇವಸ್ಥಾನದ ಹತ್ತಿರ ಚಿಕ್ಕಮಾದಮ್ಮ ಎಂಬ ಮುದುಕಿ ಹೂವು ಮಾರುತ್ತಿದ್ದಳು. ಸುತ್ತಮುತ್ತಲ ಹಿತ್ತಲುಗಳಲ್ಲಿ ಯಾವ ಹೂವಿನ ಗಿಡ ಎಲ್ಲಿದೆ ಎನ್ನುವುದು ಅವಳಿಗೆ ಬಾಯಿಪಾಠವೆಂದು ಯಾರೋ ಹೇಳಿದ್ದರು.

"ಕಾಮಿನಿಯಾ? ಅದ್ಯಾರು ಮೇಷ್ಟ್ರೇ?" ಎಂದಳು ಚಿಕ್ಕಮಾದಮ್ಮ.

"ಗಿಡ ಕಣಮ್ಮ. ಎಲೆ ಕರಿಬೇವಿನ ಥರ ಇರುತ್ತೆ. ಬಿಳೀ ಹೂವು. ಗೊಂಚಲು ಗೊಂಚಲಾಗಿ ಸಣ್ಣ ಹಣ್ಣು ಬಿಡುತ್ತೆ, ಕೆಂಪಗೆ."

"ಕರಿಬೇವಿನ ತರ ಎಲೆ, ಬಿಳೀ ಊವ, ಗೊಂಚ್ಲು ಅಣ್ಣು... ಅಂಗಾರೆ ಅದು ಕರಿಬೇವೇ ಅಲ್ವಾ?"

"ಅಲ್ಲ. ಅದೇ ಜಾತಿ, ಆದರೆ ಅದಲ್ಲ. ಇದಕ್ಕೆ ಮುರಯ ಪ್ಯಾನಿಕ್ಯುಲೇಟ ಅಂತಾರೆ."

ಚಿಕ್ಕಮಾದಮ್ಮ ಹೂವಿನ ಬುಟ್ಟಿಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ಎದ್ದಳು. "ನಮ್ಮಿತ್ಲಲ್ಲಿ ಒಂದೈತೆ, ಬನ್ನಿ ತೋರುಸ್ತೀನಿ. ನಾವು ಕರಿಬೇವು ಅಂತೀವಿ. ನೀವೇನಂತೀರೋ ನೋಡಿ."

ಹಿತ್ತಲಿನ ಗಿಡ ಹಣ್ಣು ಹೊತ್ತು ಬಾಗಿತ್ತು. ಕೆಲವು ಕೆಂಪು, ಹೆಚ್ಚಿನವು ಕಪ್ಪು. ಕಾಮಿನಿಯ ಹಣ್ಣು ಕಪ್ಪಾಗುತ್ತದೆ ಎಂದು ಅವರು ಎಲ್ಲೂ ಓದಿರಲಿಲ್ಲ. ಬಲಿತು ಕಪ್ಪಾಗಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರು.

"ಒಂದೆಲೆ ಇಚುಕಿ ಮೂಸ್ ನೋಡಿ, ಗೊತ್ತಾಯ್ತದೆ," ಎಂದಳು ಚಿಕ್ಕಮಾದಮ್ಮ.

ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮೇಷ್ಟ್ರು ಇನ್ನೊಮ್ಮೆ ಯೋಚನೆ ಮಾಡುತ್ತಿದ್ದರೋ ಏನೋ. ಈಗ ಅವರು ಎಲೆಯನ್ನು ಹಿಸುಕಿ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು.

"ಆಹಾ! ಇದೇ. ಎಂಥಾ ಮಧುರವಾದ ಸುಗಂಧ!"

ಚಿಕ್ಕಮಾದಮ್ಮ ಅವರ ಮುಖವನ್ನೇ ನೋಡಿದಳು. ಎಪ್ಪತ್ತು ವರ್ಷದಿಂದ ಆ ಎಲೆಯನ್ನು ಒಗ್ಗರಣೆಗೆ ಹಾಕುತ್ತಿದ್ದವಳು, ಒಂದು ಸಲವೂ ಹೀಗೆ ಕಣ್ಣು ಮುಚ್ಚಿರಲಿಲ್ಲ. "ಆಯ್ತು ಬುಡಿ," ಎಂದಳು. "ನೀವು ಓದಿರೋರು." ಸೆರಗಿನ ತುಂಬ ಹಣ್ಣು ಬಿಡಿಸಿ ಕೊಟ್ಟಳು.

ಮೇಷ್ಟ್ರ ತಾರಸಿ ಅಂದಿನಿಂದ ಪ್ರಯೋಗಶಾಲೆಯಾಯಿತು. ಹಣ್ಣುಗಳನ್ನು ನೀರಿನಲ್ಲಿ ಕಿವುಚಿ ತಿರುಳು ತೆಗೆದರು. ಒಣಗಿದರೆ ಬೀಜ ಸಾಯುತ್ತದೆ ಎಂದು ಅವತ್ತೇ ಬಿತ್ತಿದರು. ಹಾಲಿನ ಖಾಲಿ ಕವರುಗಳಿಗೆ ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿ, ಕವರಿಗೆ ಎರಡರಂತೆ ಹಾಕಿ, ಮೇಲೆ ಹಳೆಯ ಸೀರೆಯ ನೆರಳು ಕಟ್ಟಿದರು. ದಿನಕ್ಕೆ ಮೂರು ಸಲ ಹತ್ತಿ ಹೋಗಿ ನೋಡಿ ಬರುತ್ತಿದ್ದರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಒಂದು ಕವರಿನಲ್ಲಿ ಸಾಸಿವೆಯಷ್ಟು ಹಸಿರು, ತನಗಿಂತ ದೊಡ್ಡದಾದ ಮಣ್ಣಿನ ಹೆಂಟೆಯನ್ನು ಪಕ್ಕಕ್ಕೆ ತಳ್ಳಿ ನಿಂತಿತ್ತು.

ಮೇಷ್ಟ್ರು ಮಂಡಿಯೂರಿ ಕೂತುಬಿಟ್ಟರು. ಇದನ್ನು ಅವರು ಎಷ್ಟು ಸಾವಿರ ಸಲ ಹಲಗೆಯ ಮೇಲೆ ಬರೆದು ಒರೆಸಿದ್ದರೋ ಲೆಕ್ಕವಿಲ್ಲ. ಮಣ್ಣನ್ನು ತಳ್ಳುವ ಕಷ್ಟ ಯಾವ ಚಿತ್ರದಲ್ಲೂ ಇರಲಿಲ್ಲ. "ಬಾರೇ ಇಲ್ಲಿ, ಬಂದು ನೋಡೇ!" ಎಂದು ಅವರು ಕೂಗಿದ ಕೂಗಿಗೆ ದೇವಿರಮ್ಮ ಯಾರೋ ಬಿದ್ದರೆಂದು ಗಾಬರಿಯಾಗಿ ಓಡಿ ಬಂದರು.

ಮೂರು ತಿಂಗಳಲ್ಲಿ ಗಿಡಗಳು ಗೇಣುದ್ದವಾದವು. ಹಪ್ಪಳ ಒಣಗಿಸಲು ತಾರಸಿಗೆ ಹೋದ ದೇವಿರಮ್ಮನ ಸೆರಗು ಗಿಡಗಳಿಗೆ ತಾಗಿ, ಪರಿಚಿತವಾದ ವಾಸನೆಯೊಂದು ಎದ್ದಿತು. ಬಗ್ಗಿ ಎಲೆ ಮುಟ್ಟಿ ನೋಡಿದರು. ಕೆಳಗೆ ಬಂದು ಕೇಳಿದರು:

"ಅದು ಕರಿಬೇವಲ್ವೇನ್ರೀ?"

"ನೀನು ಓದಿರುವುದು ಎಷ್ಟನೇ ಕ್ಲಾಸು?"

"ಏಳು."

"ಹಾಗಾದರೆ ಕೇಳು," ಎಂದು ಮೇಷ್ಟ್ರು ಶುರುಮಾಡಿದರು. ಒಂದೇ ಕುಲದ ಎರಡು ಗಿಡಗಳಿಗೆ ಎಳೆಯದರಲ್ಲಿ ಹೋಲಿಕೆ ಇರುವುದು, ಹೂ ಬಂದ ಮೇಲಷ್ಟೇ ನಿಜವಾದ ಪರಿಮಳ ತಿಳಿಯುವುದು, ಇವೆಲ್ಲ ಮುಕ್ಕಾಲು ಗಂಟೆ ಬಂತು. ದೇವಿರಮ್ಮ ಸೊಪ್ಪು ಸೋಸುತ್ತ ಕೇಳಿಸಿಕೊಂಡರು. ಮರುದಿನದಿಂದ ಅವರು ಸಂತೆಯಲ್ಲಿ ಕರಿಬೇವು ಕೊಳ್ಳುವುದನ್ನು ನಿಲ್ಲಿಸಿದರು.

ಮುಂದಿನ ಜೂನ್ ಐದಕ್ಕೆ ಗಿಡ ನೆಡುವ ಸಮಾರಂಭ. ಕಮಾನಿಗೆ 'ಸುಗಂಧ ಕ್ರಾಂತಿ' ಎಂಬ ಬ್ಯಾನರು ಕಟ್ಟಿತ್ತು. ಅದರಲ್ಲಿ ಚನ್ನಂಕೇಗೌಡರು ಆಳೆತ್ತರಕ್ಕೆ ಕೈ ಮುಗಿದು ನಿಂತಿದ್ದರು. ಮೂಲೆಯಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿದ ಕಾಮಿನಿ ಹೂವು ಅಂಚೆಚೀಟಿಯಷ್ಟಿತ್ತು. ಜನ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೋರಿಯ ಬದಿಯಲ್ಲಿ ಸಾಲಾಗಿ ನಿಂತರು. ಮೇಷ್ಟ್ರು ಒಬ್ಬರೇ ಬರಿ ಮೂಗಿನಲ್ಲಿ ಅತ್ತಿಂದಿತ್ತ ಓಡಾಡುತ್ತ ಗುಂಡಿಗಳನ್ನು ತೋರಿಸುತ್ತಿದ್ದರು. "ಏನ್ ನಿಷ್ಠೆ ನೋಡಿ," ಎಂದು ಜನ ಮಾತಾಡಿಕೊಂಡರು.

ನೂರ ಎಂಟು ಗಿಡ. ಒಬ್ಬೊಬ್ಬರ ಕೈಗೂ ಎರಡೆರಡು ಬಂದವು. ಹಿಡಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು. ತಹಸೀಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು ಪಕ್ಕದ ಬ್ಯಾಂಕ್ ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಆಕಾಶ ನೋಡಿದರು. ಮೂವತ್ತೆರಡು ವರ್ಷ ಪಾಠ ಹೇಳಿದವರೇ ಕಾಮಿನಿ ಎನ್ನುವಾಗ, ಇಲ್ಲ ಎಂದು ಹೇಳಿ ದಡ್ಡನಾಗುವುದು ಯಾರಿಗೆ ಬೇಕಿತ್ತು? ಅದೂ ಅಲ್ಲದೆ, ಅಲ್ಲ ಎಂದು ಸಾಬೀತಾದರೆ ಇನ್ನೊಂದು ಸಭೆ, ಮತ್ತೆ ಗುಂಡಿ, ಮತ್ತೆ ಈ ನಾತ. ಚನ್ನಂಕೇಗೌಡರು ಒಂದು ಎಲೆ ಚಿವುಟಿ ಮೂಸಿ, ಅರೆಗಳಿಗೆ ತಡೆದು, ಮೈಕಿನಲ್ಲಿ ಹೇಳಿದರು:

"ಬಂಧುಗಳೇ, ಹೂವು ಬುಡೋಕೆ ಮುಂಚೇನೇ ಪರಿಮಳ ಬತ್ತಾ ಐತೆ!"

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಷ್ಟ್ರಿಗೆ ಶಾಲು ಹೊದಿಸಿ ಪೇಟ ತೊಡಿಸಿದರು. ಅವರ ಕಣ್ಣು ಒದ್ದೆಯಾಗಿದ್ದನ್ನು ಕಂಡು, ಮೋರಿಯ ಘಾಟು ಕೊನೆಗೂ ಅವರಿಗೆ ತಾಗಿತೆಂದು ಕೆಲವರು ತಿಳಿದರು.

ಮೋರಿಯ ನೀರುಂಡು ಗಿಡಗಳು ಸೊಂಪಾಗಿ ಬೆಳೆದವು. ಆದರೆ ಎಷ್ಟು ಚಿಗುರಿದರೂ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಕೊಂಬೆಗಳು ಬೋಳಾಗಿರುತ್ತಿದ್ದವು. ಯಾವುದೋ ಹುಳು ಎಲೆ ತಿನ್ನುತ್ತಿದೆ ಎಂದು ಮೇಷ್ಟ್ರು ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಐವತ್ತು ಜನ ಕೈ ಮುಗಿದ ಚಿತ್ರ ಕಳಿಸಿದರು. ತಿಂದದ್ದು ಯಾರು ಎಂಬುದನ್ನು ಒಬ್ಬರೂ ಕಳಿಸಲಿಲ್ಲ.

ಮೇಷ್ಟ್ರು ಒಂದು ಸಂಜೆ ಬೇವಿನೆಣ್ಣೆ ಕಲಸಿ ನೂರ ಎಂಟು ಗಿಡಕ್ಕೂ ಸಿಂಪಡಿಸಿದರು.

ಮರುದಿನ ನಂದನವನ ಬಡಾವಣೆಯ ಐವತ್ತೆರಡು ಮನೆಗಳಲ್ಲಿ ಸಾರು ಕಹಿಯಾಯಿತು. ಉಪ್ಪಿಟ್ಟು ಕಹಿಯಾಯಿತು, ಚಟ್ನಿ ಕಹಿಯಾಯಿತು. ಗೌಡರ ಮನೆಗೆ ಬಂದಿದ್ದ ಬೀಗರು ಮಜ್ಜಿಗೆಯನ್ನು ಒಂದು ಗುಟುಕು ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ವಾಟ್ಸಾಪ್ ಗುಂಪು ಅವತ್ತು ಇಡೀ ದಿನ ಸುಮ್ಮನಿತ್ತು. ಶುಭೋದಯ ಕೂಡ ಬರಲಿಲ್ಲ.

ಮೇಷ್ಟ್ರಿಗೆ ವಾಸನೆ ಹೋಗಿತ್ತೇ ಹೊರತು ನಾಲಿಗೆಗೆ ಕಹಿ, ಹುಳಿ, ಉಪ್ಪು ತಿಳಿಯುತ್ತಿತ್ತು.

"ಸಾರು ಯಾಕೋ ಕಹಿ," ಎಂದರು.

"ಹಾಗಲಕಾಯಿ ಹಾಕಿವ್ನಿ," ಎಂದರು ದೇವಿರಮ್ಮ.

ಮೇಷ್ಟ್ರು ಸಾರಿನಲ್ಲಿ ಸೌಟು ಆಡಿಸಿದರು. ಬೇಳೆ, ಟೊಮೇಟೊ, ಎರಡು ಎಸಳು ಕಾಮಿನಿ. ಹಾಗಲಕಾಯಿ ಇರಲಿಲ್ಲ. ಅವರು ಏನೋ ಕೇಳಲು ಬಾಯಿ ತೆರೆದರು. ಕೇಳಿದರೆ ಉತ್ತರ ಬಂದುಬಿಡುತ್ತದೆ ಎನಿಸಿ, ತುತ್ತನ್ನು ನುಂಗಿದರು.

ಕ್ರಾಂತಿಗೆ ಒಂದು ವರ್ಷವಾದಾಗ ಸಂಘ ವಾರ್ಷಿಕೋತ್ಸವ ಇಟ್ಟುಕೊಂಡಿತು. ಮುಖ್ಯ ಅತಿಥಿಯಾಗಿ ಬಂದವಳು ಅಮೃತ. ಮಳವಳ್ಳಿಯಲ್ಲಿ ಮೇಷ್ಟ್ರ ಕೈಯಲ್ಲಿ ಓದಿ, ಈಗ ಮಂಡ್ಯದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದಳು. ತನ್ನ ಗುರುಗಳು ಬೀಜದಿಂದ ನೂರ ಎಂಟು ಕಾಮಿನಿ ಎಬ್ಬಿಸಿದ್ದಾರೆಂದು ಕೇಳಿ ಸಂತೋಷದಿಂದಲೇ ಬಂದಿದ್ದಳು. ಕಾರಿನಿಂದಿಳಿದು ಸೀದಾ ಮೋರಿಯ ಬದಿಗೆ ಹೋಗಿ, ಒಂದು ಎಲೆ ಮುರಿದು, ಮೂಸಿ, ಹಾಗೇ ನಿಂತಳು. ಮೇಷ್ಟ್ರು ನಗುತ್ತ ಹತ್ತಿರ ಬಂದರು.

"ಸರ್," ಅಂದಳು ಅಮೃತ ಮೆಲ್ಲಗೆ, "ಇದು ಕರಿಬೇವು."

ಮೇಷ್ಟ್ರು ಗಿಡ ನೋಡಿದರು. ಮೋರಿ ನೋಡಿದರು.

"ನಾನು ಯಾರಿಗೂ ಹೇಳೋದಿಲ್ಲ ಸರ್," ಎಂದಳು ಅವಳು ಇನ್ನೂ ಮೆಲ್ಲಗೆ. "ಭಾಷಣದಲ್ಲಿ ಗಿಡದ ಹೆಸರೇ ಎತ್ತೋದಿಲ್ಲ."

ಅದು ಅವರಿಗೆ ತಾಗಿತು. ಪರೀಕ್ಷೆಯಲ್ಲಿ ತಪ್ಪು ಬರೆದವರನ್ನು ಅವರು ಎಂದೂ ಹಾಗೆ ಬಿಟ್ಟವರಲ್ಲ. ಈ ಹುಡುಗಿಯನ್ನೇ ಒಮ್ಮೆ ದಳಕ್ಕೂ ಅದರ ಬುಡದ ಹಸಿರು ಪುಷ್ಪಪತ್ರಕ್ಕೂ ವ್ಯತ್ಯಾಸ ಗೊತ್ತಿಲ್ಲವೆಂದು ಹೊರಗೆ ನಿಲ್ಲಿಸಿದ್ದರು. ಈಗ ಅವಳು ತಮಗೆ ದಯೆ ತೋರಿಸುತ್ತಿದ್ದಳು.

ಎರಡನೆಯ ಶಾಲು ಹೊದಿಸಲು ಗೌಡರು ಹೆಸರು ಕೂಗಿದಾಗ ಮೇಷ್ಟ್ರು ವೇದಿಕೆ ಹತ್ತಿ ಶಾಲು ತೆಗೆದುಕೊಳ್ಳಲಿಲ್ಲ, ಮೈಕು ತೆಗೆದುಕೊಂಡರು.

"ಇದು ಕಾಮಿನಿ ಅಲ್ಲ, ಕರಿಬೇವು," ಎಂದರು. "ನನಗೆ ವಾಸನೆ ತಿಳಿಯುವುದಿಲ್ಲ. ಜ್ವರ ಬಂದು ಹೋದ ಮೇಲೆ ನಾಲ್ಕು ವರ್ಷವಾಯಿತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ನಾಚಿಕೆಯಿಂದ ಹೇಳಲಿಲ್ಲ. ನನ್ನದು ತಪ್ಪು."

ಜನ ಬೆಚ್ಚಿಬೀಳುತ್ತಾರೆಂದು ಅವರು ಕಾದರು. ಒಬ್ಬರೂ ಬೀಳಲಿಲ್ಲ. ಶಿರಸ್ತೇದಾರರು ತಮ್ಮ ಚಪ್ಪಲಿ ನೋಡುತ್ತಿದ್ದರು. ಹೆಂಗಸರ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಗ ಮೇಷ್ಟ್ರಿಗೆ ಬೆಳಕು ಹರಿಯಿತು. ಬೋಳು ಕೊಂಬೆ, ಕಹಿ ಸಾರು, ಕೈ ಮುಗಿದ ಐವತ್ತು ಚಿತ್ರ, ಎಲ್ಲ ಒಟ್ಟಿಗೇ ಅರ್ಥವಾದವು.

"ನನಗಂತೂ ಮೂಗಿಲ್ಲ," ಎಂದರು. "ನಿಮಗೆಲ್ಲ ಏನಾಗಿತ್ತು?"

ಗೌಡರು ಮೈಕನ್ನು ಮೃದುವಾಗಿ ಬಿಡಿಸಿಕೊಂಡರು. "ಮೇಷ್ಟ್ರು ತಮಾಸೆ ಮಾಡ್ತಾರೆ," ಎಂದು ನಕ್ಕು, "ಈಗ ಲಘು ಉಪಾಹಾರ" ಎಂದರು.

ಮುಂದಿನ ಭಾನುವಾರವೇ ಸಂಘದ ತುರ್ತು ಸಭೆ. 'ಸುಗಂಧ ಕ್ರಾಂತಿ'ಯ ಹೆಸರನ್ನು 'ಪೌಷ್ಟಿಕ ಕ್ರಾಂತಿ' ಎಂದು ಬದಲಾಯಿಸಲು ಸರ್ವಾನುಮತದಿಂದ ಒಪ್ಪಿದರು. ಗೌಡರ ಚಿತ್ರ ಹಾಗೇ ಇರಲಿ ಎಂದಾಯಿತು. ಆಮೇಲೆ ಗೌಡರು ಗಂಟಲು ಸರಿಮಾಡಿಕೊಂಡರು.

"ಮೇಷ್ಟ್ರೇ, ತಪ್ಪು ತಿಳ್ಕೋಬ್ಯಾಡಿ. ಮೋರಿ ಕೆಲ್ಸ ಅಂಗೇ ನಿಂತದೆ. ಯಂತ್ರ ತರುಸ್ಬುಡನ. ಆದ್ರೆ ಮುಂದೆ ನಿಂತು ಮಾಡ್ಸೋರು ಬೇಕಲ್ಲ? ನಮಗೆ ವಾಸ್ನೆ ತಡಿಯಕ್ಕಾಗಲ್ಲ. ನಿಮಗೆ ಆ ತೊಂದ್ರೆ ಇಲ್ಲ. ದೇವ್ರು ನಿಮ್ಮನ್ನ ಈ ಕೆಲ್ಸಕ್ಕೆ ಅಂತ್ಲೇ ತಯಾರು ಮಾಡವ್ನೆ."

ಮೇಷ್ಟ್ರು ಎದ್ದು ನಿಂತರು. ಸಂಘದಲ್ಲಿ ಇಷ್ಟು ವರ್ಷ ಆಡಿದ ಪುಸ್ತಕದ ಕನ್ನಡ ಅವರ ಬಾಯಿಂದ ಜಾರಿಹೋಯಿತು.

"ನಾನ್ ನಿಂತ್ಕಂಡ್ರೆ ಇನ್ನೊಂದು ವರ್ಸ ಆದ್ರೂ ಮುಗಿಯಲ್ಲ ಕಣ್ ಗೌಡ್ರೇ. ನಂಗೇನ್ ಅವಸರ? ಮೂಗಿರೋರು ನಿಂತ್ಕಳಿ. ಮಧ್ಯಾಹ್ನಕ್ಕೇ ಮುಗುದೋಯ್ತದೆ." ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಯಂತ್ರವೇನೋ ಬಂತು. ಆದರೆ ಅದು ಮೋರಿಯ ಹತ್ತಿರ ಹೋಗಬೇಕಾದರೆ ಒಂದು ಸಾಲು ಗಿಡ ಕೀಳಬೇಕಿತ್ತು. ಬಡಾವಣೆಯ ಹೆಂಗಸರು ಅಡ್ಡ ನಿಂತರು. ಇಷ್ಟು ಎಳೆಯ ಕರಿಬೇವು ಸಂತೆಯಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ಅದು ಯಾವ ನೀರು ಕುಡಿದು ಬೆಳೆದದ್ದು ಎಂದು ಡ್ರೈವರು ಕೇಳಿದ; ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಯಂತ್ರ ಬಂದ ದಾರಿಯಲ್ಲೇ ಮಂಡ್ಯಕ್ಕೆ ಹಿಂದಿರುಗಿತು. ಬಚ್ಚಲ ನೀರು ಈಗಲೂ ಅಲ್ಲೇ ನಿಂತಿದೆ.

ಆ ತುರ್ತು ಸಭೆಯಿಂದ ಮನೆಗೆ ಬಂದ ದಿನ ಮೇಷ್ಟ್ರು ಹೆಂಡತಿಯ ಮುಂದೆ ಕೂತು ಕೇಳಿದ್ದರು: "ನಿನಗೆ ಯಾವಾಗ ಗೊತ್ತಾಯಿತು?"

"ಹಾಲು ಸೀದೋದಾಗ್ಲೇ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವ್ಯಾಕ್ ಹೇಳ್ಲಿಲ್ಲ?" ಎಂದರು ದೇವಿರಮ್ಮ. "ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ. ದಿನಾ ಘಮ್ ಅಂತದೆ, ಘಮ್ ಅಂತದೆ ಅಂದ್ರಲ್ಲ, ಆಗೆಲ್ಲಾ ನಂಗೆ ಉಣ್ಣಕ್ಕೇ ಮನಸ್ ಬತ್ತಿರ್ಲಿಲ್ಲ," ಎಂದರು.

ಮೇಷ್ಟ್ರು ಮಂಡ್ಯದಲ್ಲಿ ಮೂಗಿನ ಡಾಕ್ಟರನ್ನು ಕಂಡು ಬಂದರು. ದಿನಕ್ಕೆ ಎರಡು ಸಲ ಲವಂಗ, ನಿಂಬೆ, ಗುಲಾಬಿ ಮೂಸಿ ಅಭ್ಯಾಸ ಮಾಡಿ; ಬಂದರೆ ಬರಬಹುದು, ಇಷ್ಟು ವರ್ಷವಾದ ಮೇಲೆ ಖಾತ್ರಿ ಕೊಡಲಾರೆ ಎಂದರು ಡಾಕ್ಟರು.

ಮಳೆ ಹಿಡಿದ ಮೇಲೆ ಅಮೃತ ಫೋನು ಮಾಡಿದಳು. ಮಳವಳ್ಳಿಯ ಅವಳ ತವರಿನ ಅಂಗಳದಲ್ಲಿ ಹಳೆಯ ಕಾಮಿನಿ ಪೊದೆಯೊಂದಿತ್ತು. ಗಂಡಹೆಂಡತಿ ಬೆಳಗಿನ ಬಸ್ಸು ಹತ್ತಿ ಹೋದರು. ಪೊದೆ ಒಂದು ಮಗ್ಗುಲಿಗೆ ಹೂವು, ಇನ್ನೊಂದು ಮಗ್ಗುಲಿಗೆ ಕೆಂಪು ಹಣ್ಣು ಹೊತ್ತು ನಿಂತಿತ್ತು. ಹಿಂದಿನ ದಿನದ ಮಳೆಯ ಹನಿ ಇನ್ನೂ ಎಲೆಯ ಮೇಲಿತ್ತು. ದೇವಿರಮ್ಮ ಹತ್ತಿರ ಹೋದವರು ಒಮ್ಮೆಲೇ ನಿಂತರು.

"ಹೇಗಿದೆ?" ಎಂದರು ಮೇಷ್ಟ್ರು. ಜೇಬಿನಿಂದ ಸಣ್ಣ ನೋಟುಪುಸ್ತಕ ತೆಗೆದಿದ್ದರು.

"ಚೆನ್ನಾಗೈತೆ."

"ಹಾಗಲ್ಲ. ಹೇಗಿದೆ ಅಂತ ಹೇಳು. ನಾನು ಪುಸ್ತಕದಲ್ಲಿ ಓದಿದ್ದು, ಮರೆತೂ ಹೋಗಿದೆ."

ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ದೇವಿರಮ್ಮನನ್ನು ಅವರು ಒಂದು ಗಿಡದ ಬಗ್ಗೆ ಕೇಳಿದ್ದು ಇದೇ ಮೊದಲು. ಆಕೆ ಕೊಂಬೆ ಬಗ್ಗಿಸಿ, ಅವಸರವಿಲ್ಲದೆ ಮೂಸಿದರು.

"ಮೊದ್ಲು ಕಿತ್ತಳೆ ಸಿಪ್ಪೆ ಸುಲುದಂಗೆ ಬತ್ತದೆ. ಆಮೇಕೆ, ಮಲ್ಲಿಗೆ ಬುಟ್ಟಿ ಮ್ಯಾಲೆ ಒದ್ದೆ ಬಟ್ಟೆ ಮುಚ್ಚಿರ್ತಾರಲ್ಲ, ಅದ್ನ ತೆಗುದಾಗ ತಣ್ಣಗೆ ಒಂದು ಬತ್ತದಲ್ಲ, ಅಂಗೆ. ತೀರಾ ಹತ್ರ ಹೋದ್ರೆ ವಸಿ ತಲೆನೋವು ಬಂದಂಗಾಯ್ತದೆ."

ಮೇಷ್ಟ್ರು ಬರೆದುಕೊಂಡರು. ಕೊನೆಯ ಮಾತಿಗೆ ಬಂದಾಗ ಪೆನ್ನು ನಿಂತಿತು.

"ತಲೆನೋವು ಅಂತ ಯಾವ ಪುಸ್ತಕದಲ್ಲೂ ಇಲ್ಲವಲ್ಲ."

"ಇಲ್ದಿದ್ರೆ ಇಲ್ಲ," ಎಂದರು ದೇವಿರಮ್ಮ, ಕೆಂಪು ಹಣ್ಣುಗಳನ್ನು ಒಂದೊಂದಾಗಿ ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತ. "ಬಂದಂಗಾಯ್ತದೆ. ಅದ್ನೂ ಬರ್ಕಳಿ."

ಮೇಷ್ಟ್ರು ಅದನ್ನೂ ಬರೆದುಕೊಂಡರು.